ಕಂಬದ ಮೇಲೆ ಯಾರಾದರೂ ಇದ್ದೀರಾ?

ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದುಕೊಂಡು ಕರೆಂಟಿಗೆ ಹೆದರುತ್ತೇನೆ ಎಂದರೆ ಜನ ನಗುತ್ತಾರೆ. ನಗಲಿ. ಮನೆಯಲ್ಲಿ ಮಿಕ್ಸಿಯ ಪ್ಲಗ್ಗು ಹಾಕುವಾಗಲೂ ಕಾಲಿಗೆ ಚಪ್ಪಲಿ ಮೆಟ್ಟಿಕೊಳ್ಳುವವಳು ನಾನು. ಇಂಥ ಪುಕ್ಕಲಿಯನ್ನೇ ಹುಡುಕಿ, ಕೆ.ಆರ್. ಪೇಟೆ ಉಪವಿಭಾಗದಲ್ಲಿ ಎಲ್‌ಸಿ ಕೊಡುವ ಪದ್ಧತಿಯನ್ನು ಮೊಬೈಲಿಗೆ ತರುವ ಕೆಲಸ ವಹಿಸಿದರು. ಕಂಪ್ಯೂಟರ್ ಬಲ್ಲವಳು ಎಂಬುದು ಅವರು ಕೊಟ್ಟ ಕಾರಣ. ಬೇಡವೆನ್ನಲು ಬಾಯಿ ಬಾರದವಳು ಎಂಬುದು ನಿಜವಾದ ಕಾರಣವಿರಬೇಕು.

ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಲೈನ್‌ಮನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, ಇಂಥ ಲೈನ್ ಬಂದ್ ಮಾಡಿ ಎಂದು ಕೇಳುತ್ತಾನೆ. ಪಾಳಿಯಲ್ಲಿರುವ ಆಪರೇಟರ್ ಬ್ರೇಕರ್ ತೆಗೆದು, ಲೈನನ್ನು ಪೂರ್ತಿ ಬೇರ್ಪಡಿಸಲು ಅಂಗಳದಲ್ಲಿರುವ ಐಸೊಲೇಟರ್ ಬಿಚ್ಚಿ, ಅದರ ಹಿಡಿಗೆ ಬೀಗ ಜಡಿದು, ಕೆಂಪು ಹಲಗೆ ತೂಗುಹಾಕಿ ಒಂದು ನಂಬರ್ ಹೇಳುತ್ತಾರೆ. ಲೈನ್‌ಮನ್ ಮೊದಲು ತಂತಿಗೆ ಅರ್ಥ್ ರಾಡು ಸಿಕ್ಕಿಸುತ್ತಾನೆ. ತಪ್ಪಿ ಕರೆಂಟು ಬಂದರೂ ಅದು ನೆಲಕ್ಕೆ ಇಳಿದುಹೋಗಲಿ ಎಂದು. ಆಮೇಲಷ್ಟೇ ತಂತಿ ಮುಟ್ಟುತ್ತಾನೆ. ಕೆಲಸ ಮುಗಿದ ಮೇಲೆ ಅದೇ ನಂಬರ್ ಹೇಳಿ ಎಲ್‌ಸಿ ವಾಪಸ್ ಕೊಡುತ್ತಾನೆ, ಆಪರೇಟರ್ ಲೈನ್ ಚಾರ್ಜ್ ಮಾಡುತ್ತಾರೆ, ಎಂದರೆ ಮತ್ತೆ ಕರೆಂಟು ಬಿಡುತ್ತಾರೆ. ಇಷ್ಟೂ ನಡೆಯುವುದು ಬಾಯಿಮಾತಿನಲ್ಲಿ. ಪಕ್ಕದ ತಾಲ್ಲೂಕಿನಲ್ಲಿ ಒಬ್ಬರು ಪಡೆದ ಎಲ್‌ಸಿಯನ್ನು ಇನ್ನೊಬ್ಬರು ಫೋನಿನಲ್ಲಿ ವಾಪಸ್ ಕೊಟ್ಟು, ಕಂಬದ ಮೇಲಿದ್ದವನ ಎರಡೂ ಕೈ ಸುಟ್ಟಿದ್ದವು. ಹಾಗಾಗಿ ಬಾಯಿಮಾತು ಇನ್ನು ಸಾಕು, ಎಲ್ಲವೂ ಆ್ಯಪ್‌ನಲ್ಲಿ ನಡೆಯಲಿ ಎಂದು ಮೇಲಿನಿಂದ ಆದೇಶವಾಯಿತು.

ಕೆಲಸ ಶುರುವಾದದ್ದು ಗೋಡೆಗೆ ಬಣ್ಣದ ಚೀಟಿ ಅಂಟಿಸುವುದರಿಂದ. ಸಾಫ್ಟ್‌ವೇರ್ ಕಂಪನಿಯಿಂದ ಬಂದಿದ್ದ ಸಲಹೆಗಾರರು ನಮ್ಮ ಕಚೇರಿಯ ಮಹಡಿಯಲ್ಲಿ ಲೈನ್‌ಮನ್‌ಗಳನ್ನೂ ಆಪರೇಟರುಗಳನ್ನೂ ಕೂರಿಸಿಕೊಂಡು, ಈಗ ಏನೇನು ಮಾಡುತ್ತೀರಿ, ಒಂದೊಂದೇ ಹೆಜ್ಜೆ ಹೇಳಿ ಎಂದರು. ನಮ್ಮವರು ಹೆಣ್ಣು ನೋಡಲು ಬಂದ ಮನೆಯವರ ಹಾಗೆ ಕೈಕಟ್ಟಿ ಕುಳಿತಿದ್ದರು. ಕೇಳಿದ್ದಕ್ಕೆಲ್ಲ ಕೈಪಿಡಿಯಲ್ಲಿರುವುದನ್ನೇ ಒಪ್ಪಿಸಿದರು. ರಾಡು ಹಾಕ್ತೀವಿ ಸಾರ್, ಗ್ಲೌಸು ತೊಡ್ತೀವಿ ಸಾರ್, ಹೆಲ್ಮೆಟ್ ಇಲ್ದೆ ಹತ್ತೋದೇ ಇಲ್ಲ ಸಾರ್. ಹೆಲ್ಮೆಟ್ಟಿನಲ್ಲಿ ಸೊಪ್ಪು ತುಂಬಿಕೊಂಡು ಹೋಗುವುದನ್ನು ಕಣ್ಣಾರೆ ಕಂಡಿದ್ದ ನಾನು ಸುಮ್ಮನೆ ನಕ್ಕೆ. ಚೀಟಿಗಳು ಗೋಡೆ ತುಂಬ ಸಾಲಾಗಿ, ಅಚ್ಚುಕಟ್ಟಾಗಿ ಕುಳಿತವು.

ಒಂದೇ ಒಂದು ಚೀಟಿ ಸಾಲಿಗೆ ಕೂರಲಿಲ್ಲ. ನಮ್ಮ ಹಿರಿಯ ಆಪರೇಟರಿಗೆ ಒಂದು ಅಭ್ಯಾಸವಿತ್ತು. ಎಲ್‌ಸಿ ವಾಪಸ್ ಬಂದ ಮೇಲೂ ಅವರು ತಕ್ಷಣ ಚಾರ್ಜ್ ಮಾಡುತ್ತಿರಲಿಲ್ಲ. ಆ ಫೀಡರಿನ, ಅಂದರೆ ಸಬ್‌ಸ್ಟೇಷನ್ನಿನಿಂದ ಊರೂರಿಗೆ ಹೋಗುವ ಆ ಒಂದು ಲೈನಿನ, ಲೈನ್‌ಮನ್‌ಗಳಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ, "ಎಲ್ಲಿದ್ದೀಯಲಾ, ನೆಲದ ಮ್ಯಾಲಿದ್ದೀಯಾ?" ಎಂದು ಕೇಳುತ್ತಿದ್ದರು. ಸಲಹೆಗಾರರು ಇದು ಯಾಕೆ ಎಂದರು. ಆಪರೇಟರ್ ಮೇಲೆ ನೋಡಿದರು, ಕೆಳಗೆ ನೋಡಿದರು.

"ಸುಮ್ನೆ, ಅಭ್ಯಾಸ ಸಾರ್."

ಅಭ್ಯಾಸಕ್ಕೆ ಹೊಸ ಪದ್ಧತಿಯಲ್ಲಿ ಜಾಗ ಇರಲಿಲ್ಲ. ಎಲ್‌ಸಿ ಪಡೆದವನ ಮೊಬೈಲಿಗೇ ಗುಟ್ಟಿನ ಅಂಕಿ ಹೋಗುತ್ತದೆ, ಅದನ್ನು ಅವನೇ ಒತ್ತಿದರಷ್ಟೇ ವಾಪಸಾಗುತ್ತದೆ, ಇನ್ನು ಊರಿಗೆಲ್ಲ ಫೋನ್ ಮಾಡಿ ಹೊತ್ತು ಕಳೆಯುವುದೇಕೆ ಎಂದು ಸಭೆ ತೀರ್ಮಾನಿಸಿತು. ಚೀಟಿ ಕಸದ ಬುಟ್ಟಿ ಸೇರಿತು. ಅಷ್ಟೇ ಅಲ್ಲ, ಎಲ್‌ಸಿ ಕುರಿತು ಯಾರೇ ಫೋನ್ ಮಾಡಿದರೂ ಆಪರೇಟರ್ ಆ ಮಾತಿನ ಮೇಲೆ ಏನನ್ನೂ ಮಾಡಕೂಡದು ಎಂಬ ನಿಯಮವೂ ಬಂತು. ಪಕ್ಕದ ತಾಲ್ಲೂಕಿನ ಕೈಗಳು ಎಲ್ಲರ ಕಣ್ಣ ಮುಂದಿದ್ದಾಗ ಆ ನಿಯಮ ಸರಿಯಾಗಿಯೇ ಕಂಡಿತ್ತು.

ಪ್ರಯೋಗ ಶುರುವಾದಾಗ ಎಡವಟ್ಟುಗಳಿಗೆ ಬರವಿರಲಿಲ್ಲ. ಹೇಮಗಿರಿಯ ಹೊಳೆಯಂಚಿಗೆ ಹೋದರೆ ಇಂಟರ್ನೆಟ್ಟಿನ ನೆಟ್‌ವರ್ಕ್ ಸತ್ತುಹೋಗುತ್ತಿತ್ತು. ಅದಕ್ಕೆ ಎಸ್ಸೆಮ್ಮೆಸ್ ದಾರಿ ಹುಡುಕಿದೆವು. ಅರ್ಥ್ ರಾಡಿನ ಫೋಟೋ ಕಳಿಸಿದರೆ ಮಾತ್ರ ಕೆಲಸ ಶುರು ಮಾಡಬಹುದು ಎಂದು ಮಾಡಿದ್ದೆವು. ಒಬ್ಬ ಲೈನ್‌ಮನ್ ಕಳಿಸುತ್ತಿದ್ದ ಫೋಟೋಗಳು ಬಹಳ ಚೆನ್ನಾಗಿದ್ದವು. ಆದರೆ ದಿನವೂ ಮೂಲೆಯಲ್ಲಿ ಅದೇ ಮೇಕೆ ಅದೇ ಸೊಪ್ಪಿಗೆ ಬಾಯಿ ಹಾಕಿ ನಿಂತಿರುತ್ತಿತ್ತು. ಕೇಳಿದರೆ, "ಅದು ಅಲ್ಲೇ ಮೇಯ್ತದೆ ಮೇಡಂ" ಎಂದ. ಹಳೆಯ ಫೋಟೋ ಹಾಕಲು ಬಾರದಂತೆ ಮಾಡಿಸಿದೆವು. ಮೇಕೆಯ ಕತೆ ಪಾಂಡವಪುರದ ನನ್ನ ಮನೆಯವರೆಗೂ ಹೋಗಿ, ನನ್ನ ಗಂಡ ದಿನಾ ಸಂಜೆ ಮೇಕೆ ಕ್ಷೇಮವೇ ಎಂದು ಕೇಳತೊಡಗಿದರು. ನಗುನಗುತ್ತಲೇ ಇದ್ದೆವು. ಆದರೆ ರಾತ್ರಿ ಮಲಗಿದರೆ ನನಗೆ ಹಸಿರು ಬಣ್ಣ ಕಾಣುತ್ತಿತ್ತು. ಅಂಕಿ ಒತ್ತಿದೊಡನೆ ಆಪರೇಟರ್ ಎದುರಿನ ಪರದೆ ಹಸಿರಾಗಬೇಕೆಂದು ಬಣ್ಣ ಆರಿಸಿದವಳು ನಾನೇ. ಕಂಬದ ಮೇಲೆ ಇನ್ನೂ ಯಾರಾದರೂ ಇರುವಾಗಲೇ ಅದು ಹಸಿರಾಗಿಬಿಟ್ಟರೆ ಎಂಬ ಯೋಚನೆ ಬಂದೊಡನೆ ನಿದ್ದೆ ಹಾರಿಹೋಗುತ್ತಿತ್ತು.

ಪೂರ್ತಿಯಾಗಿ ಆ್ಯಪ್‌ನಲ್ಲೇ ನಡೆಯಬೇಕಾದ ಮೊದಲ ದಿನ ಬಂತು. ಮುಂಗಾರಿಗೆ ಮುಂಚೆ ಲೈನಿಗೆ ತಾಗುವ ಕೊಂಬೆ ಕಡಿಯುವ ಕಾಲ. ಹೇಮಗಿರಿ ಕಡೆಯ ಫೀಡರಿನ ಮೇಲೆ ಒಂದು ಗ್ಯಾಂಗು ಎಲ್‌ಸಿ ಕೇಳಿತು, ನಾನು ಮೊಬೈಲಿನಲ್ಲಿ ಒಪ್ಪಿಗೆ ಕೊಟ್ಟೆ, ಆಪರೇಟರ್ ಲೈನ್ ಬಂದ್ ಮಾಡಿ ಬೀಗ ಹಾಕಿದರು. ನೋಡಲು ವಿಭಾಗದ ಮುಖ್ಯಸ್ಥರಾದ ಇಇ ಸಾಹೇಬರೇ ಸಬ್‌ಸ್ಟೇಷನ್ನಿಗೆ ಬಂದಿದ್ದರು. ಊರಿಗೆ ಕುಡಿಯುವ ನೀರೆತ್ತುವ ಪಂಪುಗಳೂ ಅದೇ ಫೀಡರಿನಲ್ಲಿದ್ದುದರಿಂದ ಅವರ ಫೋನು ಸುಮ್ಮನಾಗುತ್ತಲೇ ಇರಲಿಲ್ಲ. ಸೆಕೆಗೆ ಗೋಡೆಯೂ ಬೆವರುವಂತಿತ್ತು.

ಮಧ್ಯಾಹ್ನದ ಊಟ ಮುಗಿದು ಸ್ವಲ್ಪ ಹೊತ್ತಿಗೆ ಪರದೆ ಹಸಿರಾಯಿತು. ಗ್ಯಾಂಗು ಕೆಲಸ ಮುಗಿಸಿ ಅಂಕಿ ಒತ್ತಿತ್ತು. ಎಲ್ಲವೂ ಅಂದುಕೊಂಡ ಹಾಗೇ ನಡೆದಿತ್ತು. ಸಾಹೇಬರು ಭೇಷ್ ಎಂದರು.

ಆಪರೇಟರ್ ಏಳಲಿಲ್ಲ. ಅವರ ಎರಡು ಕೈಗಳೂ ಮೇಜಿನ ಮೇಲಿದ್ದವು.

"ಮೇಡಂ, ಒಂದ್ ರೌಂಡು ಫೋನ್ ಮಾಡ್ಬುಡ್ಲಾ?"

"ಫೋನ್ ಯಾಕ್ರೀ ಮತ್ತೆ?" ಎಂದರು ಸಾಹೇಬರು. "ಅದನ್ನ ಬಿಡಿಸೋಕೇ ಅಲ್ವಾ ಇಷ್ಟೆಲ್ಲ ಮಾಡಿರೋದು? ಚಾರ್ಜ್ ಮಾಡಿ."

ಆಪರೇಟರ್ ಸಾಹೇಬರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು. ಹೆದರಿದವರ ಮುಖ ನನಗೆ ಚೆನ್ನಾಗಿ ಗೊತ್ತು, ಕನ್ನಡಿಯಲ್ಲಿ ದಿನವೂ ನೋಡುತ್ತೇನೆ. ಒಂದು ನಿಮಿಷ ಬನ್ನಿ ಎಂದು ಅವರನ್ನು ಬಾಗಿಲಾಚೆ ಕರೆದೆ.

"ಯಾಕೆ? ನಿಜ ಹೇಳಿ."

"ಸೇರ್ಕಂಡಿರ್ತರೆ ಮೇಡಂ."

"ಯಾರು? ಎಲ್ಲಿ ಸೇರ್ಕೊಂಡಿರ್ತಾರೆ?"

ಆಗ ಅವರು ಹೇಳಿದರು. ಒಬ್ಬ ಎಲ್‌ಸಿ ತೆಗೆದುಕೊಂಡ ಸುದ್ದಿ ಕಿವಿಯಿಂದ ಕಿವಿಗೆ ಹೋಗುತ್ತದಂತೆ. ಹೇಗೂ ಲೈನ್ ಬಂದ್ ಆಗಿದೆ, ನಂದೂ ಒಂದು ಚಿಕ್ಕ ಕೆಲಸ ಉಳಿದಿದೆ ಎಂದು ಅದೇ ಲೈನಿನ ಬೇರೆ ಬೇರೆ ಊರುಗಳಲ್ಲಿ ಉಳಿದವರೂ ಕಂಬ ಹತ್ತುತ್ತಾರಂತೆ. ತಮ್ಮದೇ ಎಲ್‌ಸಿ ಕೇಳಿದರೆ ಮತ್ತೆ ಲೈನ್ ಬಂದ್ ಮಾಡಬೇಕು, ಮತ್ತೆ ಊರಿನವರ ಬಾಯಿಗೆ ಬೀಳಬೇಕು. ಚಿಕ್ಕ ಕೆಲಸವೆಂದು ರಾಡನ್ನೂ ಹಾಕುವುದಿಲ್ಲವಂತೆ. ಇದು ನಿಯಮಕ್ಕೆ ವಿರುದ್ಧ, ಗೊತ್ತಾದರೆ ಸಸ್ಪೆಂಡು. ಹಾಗಾಗಿ ಬಣ್ಣದ ಚೀಟಿಗಳ ಆ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅದನ್ನು ಬಲ್ಲ ಆಪರೇಟರೂ ಬಿಡಲಿಲ್ಲ, ಬಿಟ್ಟಿದ್ದರೆ ಮೊದಲು ಅವರ ಕೆಲಸವೇ ಹೋಗುತ್ತಿತ್ತು.

"ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಗದರಿದೆ.

"ರಿಟೈರ್ ಆಗಕ್ಕೆ ಇನ್ನೊಂದ್ ವರ್ಸ ಐತೆ ಮೇಡಂ. ಎಂಗೋ ಫೋನ್ ಮಾಡ್ಕಂಡು ಸಂಬಾಳಿಸ್ತಿದ್ದೆ. ಫೋನೂ ಕಿತ್ಕಬುಟ್ರಿ."

ಒಳಗೆ ಹಸಿರು ಪರದೆ ಹಾಗೇ ಉರಿಯುತ್ತಿತ್ತು. ನಾವು ಕಟ್ಟಿದ ಪದ್ಧತಿಯಲ್ಲಿ ಎಲ್‌ಸಿ ತೆಗೆದುಕೊಂಡವನು ಮಾತ್ರ ಮನುಷ್ಯ. ಉಳಿದವರು ಅದರ ಕಣ್ಣಿಗೆ ಇಲ್ಲವೇ ಇಲ್ಲ.

ಒಳಗೆ ಹೋಗಿ, "ಚಾರ್ಜ್ ಬೇಡ ಸಾರ್" ಎಂದೆ. ಕಾರಣ ಹೇಳಿದರೆ ಆಪರೇಟರ್ ಸಿಕ್ಕಿಬೀಳುತ್ತಾರೆ, ಹೇಳದಿದ್ದರೆ ಸಾಹೇಬರು ಒಪ್ಪುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಹೇಳಿಯೇಬಿಟ್ಟೆ. ಸಾಹೇಬರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಅಷ್ಟರಲ್ಲಿ ಅವರ ಫೋನು ಮತ್ತೆ ರಿಂಗಾಯಿತು. "ಐದು ನಿಮಿಷ ಸಾರ್, ಕೊಡ್ತೀವಿ ಸಾರ್" ಎಂದು ಯಾರಿಗೋ ಹೇಳಿದರು.

"ಬೇಗ ಫೋನ್ ಮಾಡಿ ಮುಗಿಸಿ," ಎಂದರು ನಮಗೆ.

ಆಪರೇಟರ್ ಶುರು ಮಾಡಿದರು. ಒಬ್ಬ ಮನೆಯಲ್ಲಿ ಉಣ್ಣುತ್ತಿದ್ದ. ಇನ್ನೊಬ್ಬ ಸ್ಟೋರಿನಲ್ಲಿದ್ದ. "ನೆಲದ ಮ್ಯಾಲೇ ಇವ್ನಿ ಕಣಣ್ಣೋ, ಇನ್ನೇನ್ ಆಕಾಸದಲ್ಲಿ ಇರ್ತೀನಾ?" ಎಂದು ಮತ್ತೊಬ್ಬ ತಮಾಷೆ ಮಾಡಿದ. ನಾವ್ಯಾರೂ ನಗಲಿಲ್ಲ. ಕೊನೆಗೆ ಉಳಿದವನು ಹೊಸಹೊಳಲು ಕಡೆಯ ಊರುಗಳನ್ನು ನೋಡಿಕೊಳ್ಳುವ ಲೈನ್‌ಮನ್ ಒಬ್ಬನೇ. ಅವನ ಫೋನು ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಮತ್ತೆ ಮಾಡಿದರು. ಮತ್ತೆ ರಿಂಗಾಗಿ ನಿಂತಿತು.

"ಮಲಗಿರಬೇಕು," ಎಂದರು ಸಾಹೇಬರು. ಅವರ ದನಿಯಲ್ಲಿ ನಂಬಿಕೆ ಇರಲಿಲ್ಲ, ಆಸೆ ಇತ್ತು.

ನಾನು ಹೋಗಿ ನೋಡಿಕೊಂಡು ಬರುತ್ತೇನೆ ಎಂದೆ. ಬಾಗಿಲವರೆಗೆ ಹೋದವಳು ನಿಂತೆ. ನಾನು ಅತ್ತ ಹೋದಮೇಲೆ ಮೇಲಿನಿಂದ ಇನ್ನೊಂದು ಫೋನು ಬಂದರೆ? ಪರದೆ ಹಸಿರಾಗಿಯೇ ಇದೆ. ಯಾರೇ ಚಾರ್ಜ್ ಮಾಡಿದರೂ ನಿಯಮದ ಪ್ರಕಾರ ಅದು ಸರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಂಗಳಕ್ಕೆ ಹೋಗಿ ಐಸೊಲೇಟರಿನ ಬೀಗ ಜಗ್ಗಿ ನೋಡಿದೆ. ವಾಪಸು ಬಂದು ಮೊಳೆಗೆ ತೂಗಿಹಾಕಿದ್ದ ಅದರ ಬೀಗದ ಕೈ ತೆಗೆದುಕೊಂಡೆ.

"ಏನಮ್ಮಾ ಇದು? ನನ್ ಮೇಲೆ ನಂಬಿಕೆ ಇಲ್ವಾ?"

"ಹೆದರಿಕೆ ಸಾರ್," ಎಂದೆ. ಮೇಲಧಿಕಾರಿಯ ಎದುರಿನಿಂದ ಕೀಲಿ ಎತ್ತಿಕೊಂಡು ಹೋದವಳಿಗೆ ಏನಾಗುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಆದರೂ ಜೀಪು ಹತ್ತಿದೆ.

ಲೈನಿನ ಜಾಡು ಹಿಡಿದು ಹೊರಟೆವು. ಜೀಪಿನ ಡ್ರೈವರ್ ರಸ್ತೆ ನೋಡುತ್ತಿದ್ದರು, ನಾನು ಕಿಟಕಿಯಿಂದ ತಲೆ ಹೊರಹಾಕಿ ಕಂಬಗಳನ್ನು ನೋಡುತ್ತಿದ್ದೆ. ರಸ್ತೆ ಒಂದು ಕಡೆ ತಿರುಗಿದರೆ ಲೈನ್ ಗದ್ದೆಯೊಳಗೆ ಇನ್ನೊಂದು ಕಡೆ ಹೋಗುತ್ತಿತ್ತು. ಅದು ಕಣ್ಣಿಗೆ ಮರೆಯಾದಾಗಲೆಲ್ಲ ಜೀಪು ನಿಧಾನ ಮಾಡಿಸುತ್ತಿದ್ದೆ. ದೂರದ ಕಂಬದ ಮೇಲೆ ಯಾರೋ ಇದ್ದಂತೆ ಕಂಡು ಜೀಪು ನಿಲ್ಲಿಸಿದರೆ, ಹಳೆಯ ಗೋಣಿಚೀಲ ಗಾಳಿಗೆ ಸಿಕ್ಕಿಕೊಂಡಿತ್ತು. ಕೈಯಲ್ಲಿದ್ದ ಕೀಲಿ ಬೆವರಿಗೆ ಜಾರುತ್ತಿತ್ತು. ಇನ್ನೊಂದು ಕೀಲಿ ಇರಬಹುದೇ? ಕಚೇರಿಯ ಬೀರುವಿನಲ್ಲಿ? ಬೀಗ ಒಡೆಯುವುದೇನು ಮಹಾ ಕಷ್ಟ? ಒಂದಾದಮೇಲೊಂದು ಇಂಥವೇ ತಲೆಗೆ ಬರುತ್ತಿದ್ದವು.

"ಎದರ್ಕಬ್ಯಾಡಿ ಮೇಡಂ," ಎಂದರು ಡ್ರೈವರ್. "ಏನಾದ್ರೂ ಆಗಿದ್ರೆ ಇಷ್ಟೊತ್ಗೆ ಗೊತ್ತಾಗ್ಬುಡೋದು." ಸಮಾಧಾನಕ್ಕೆ ಹೇಳಿದ್ದರು. ನನಗೆ ಇನ್ನಷ್ಟು ಹೆದರಿಕೆಯಾಯಿತು.

ಒಂದು ತೆಂಗಿನ ತೋಟದ ಬದಿಯಲ್ಲಿ ಬೈಕು ನಿಂತಿತ್ತು. ಸೀಟಿನ ಪಕ್ಕದ ಚೀಲದೊಳಗೆ ಫೋನು ರಿಂಗಾಗುತ್ತಿತ್ತು. ಆಪರೇಟರ್ ಇನ್ನೂ ಮಾಡುತ್ತಲೇ ಇದ್ದರು. ತಲೆ ಎತ್ತಿದೆ. ಗರಿಗಳ ನಡುವೆ, ಕಂಬದ ತುದಿಯಲ್ಲಿ, ಹಗ್ಗಕ್ಕೆ ಒರಗಿಕೊಂಡು ಆತ ಬರಿಗೈಯಲ್ಲಿ ತಂತಿ ಹಿಡಿದು ತಿರುಚುತ್ತಿದ್ದ. ರಾಡು ಬೈಕಿಗೇ ಕಟ್ಟಿತ್ತು. ಡ್ರೈವರ್ ಕೂಗಿದರು.

ಆತ ಕೆಳಗೆ ನೋಡಿ ನಕ್ಕ. "ಏನ್ ಮೇಡಮ್ಮೋರು ಈ ಕಡೀಕೆ ಬಂದ್ಬುಟ್ರಿ? ಒಂದ್ ಜಂಪು ತಂತಿ ಕಟ್ಟಾಗಿತ್ತು, ಎಲ್‌ಸಿ ಐತಲ್ಲ ಅಂತ ಹತ್ತುದೆ. ಎರಡೇ ನಿಮಿಷ."

"ಎಲ್‌ಸಿ ಇಲ್ಲ," ಎಂದೆ. ಪಿಸುಮಾತಿನ ಹಾಗೆ ಬಂತು. ಮತ್ತೆ ಕೂಗಿದೆ. "ಎಲ್‌ಸಿ ವಾಪಸ್ ಆಗಿ ಬಹಳ ಹೊತ್ತಾಯಿತು. ಇಳೀರಿ!"

ಆತನ ಕೈ ತಂತಿಯಿಂದ ಕಳಚಿಕೊಂಡಿತು. ಇಳಿಯುವಾಗ ಕಾಲು ಎರಡು ಸಲ ಜಾರಿತು. ನೆಲ ಮುಟ್ಟಿದವನು ಅಲ್ಲೇ ಕುಳಿತುಬಿಟ್ಟ. ನಾನೂ ಬದುವಿನ ಮೇಲೆ ಕುಳಿತೆ. ಇನ್ನೇನು, ಮುಗಿಯಿತು ಅಂದುಕೊಂಡೆ. ಆಗ ಆತ ನನ್ನ ತೋಳು ಹಿಡಿದುಕೊಂಡ. ಅಧಿಕಾರಿ ಎನ್ನುವುದೂ ಮರೆತಿರಬೇಕು.

"ಮೇಡಂ, ಆಚೆ ತೋಟದಲ್ಲಿ ಇನ್ನೊಬ್ಬ ಅವ್ನೆ. ಕಂಟ್ರಾಕ್ಟರ್ ಕಡೆಯೋನು. ನಾನು ಹತ್ತಿವ್ನಿ ಅಂತ ನಂಬ್ಕಂಡು ಅವ್ನೂ ಹತ್ತವ್ನೆ."

ಅವನ ಹೆಸರು ಆಪರೇಟರಿಗೂ ಗೊತ್ತಿರಲಿಲ್ಲ. ನಮ್ಮ ಫೋನು ಎಷ್ಟು ಸುತ್ತು ತಿರುಗಿದ್ದರೂ ಅವನ ತನಕ ಹೋಗುತ್ತಿರಲಿಲ್ಲ. ಬದು ಹಾರಿ, ಬೇಲಿ ದಾಟಿ ಓಡಿದೆವು. ಸೀರೆ ಮುಳ್ಳಿಗೆ ಸಿಕ್ಕಿ ಹರಿಯಿತು. ಅವನು ಕಂಬದ ಮೇಲೆ ಹಲ್ಲಿನಲ್ಲಿ ಇಕ್ಕಳ ಕಚ್ಚಿಕೊಂಡು, ಎರಡೂ ಕೈಯಲ್ಲಿ ಎರಡು ತಂತಿ ಹಿಡಿದಿದ್ದ. ಲೈನ್‌ಮನ್ ಕೆಳಗಿನಿಂದ ಅರಚಿದ, "ಇಳಿಯಲೇ! ಇಳಿಯಲೇ ಮುಂಡೇದೆ!"

ಅವನಿಗೆ ಅವಸರವೇ ಇರಲಿಲ್ಲ. ಇಕ್ಕಳ ತೆಗೆದು, "ಯಾಕಣ್ಣೋ, ಎಲ್‌ಸಿ ಯಾರ್ದು?" ಎಂದ.

ಲೈನ್‌ಮನ್ ನನ್ನ ಕಡೆ ನೋಡಿದ. ಎಲ್‌ಸಿ ಯಾರದೂ ಆಗಿರಲಿಲ್ಲ. ಅವನ ಜೀವಕ್ಕೂ ಆ ಫೀಡರಿಗೂ ನಡುವೆ ಇದ್ದದ್ದು ನನ್ನ ಮುಷ್ಟಿಯೊಳಗಿನ ಕೀಲಿ ಒಂದೇ. "ನಂದು," ಎಂದೆ. "ಇಳಿಯಪ್ಪ, ನಿಧಾನ."

ಸಬ್‌ಸ್ಟೇಷನ್ನಿಗೆ ಮರಳಿದಾಗ ಸಾಹೇಬರು ಆಪರೇಟರ್ ಕುರ್ಚಿಯಲ್ಲಿ ತಾವೇ ಕುಳಿತಿದ್ದರು. ಅವರ ಫೋನು ಮೇಜಿನ ಮೇಲೆ ಬೋರಲು ಬಿದ್ದಿತ್ತು, ಅದನ್ನು ಆರಿಸಿಬಿಟ್ಟಿದ್ದರು. ನಾನು ನಡೆದದ್ದನ್ನು ಹೇಳಿದಾಗ, "ಇಬ್ಬರಾ?" ಎಂದು ಮಾತ್ರ ಕೇಳಿದರು. ಬಳಿಕ ಕೀಲಿಗಾಗಿ ಕೈ ಚಾಚದೆ, ಚಾರ್ಜ್ ಮಾಡುವುದನ್ನು ನನಗೇ ಬಿಟ್ಟರು. ಅವರ ಮೇಲೆ ಅಪನಂಬಿಕೆ ಪಟ್ಟದ್ದಕ್ಕೆ ನಾಚಿಕೆಯಾಯಿತು. ಕೀಲಿ ಎತ್ತಿಕೊಂಡಿದ್ದಕ್ಕೆ ಆಗಲಿಲ್ಲ.

ಆ್ಯಪನ್ನು ಬಿಟ್ಟುಬಿಡೋಣ, ಹಳೆಯದೇ ಇರಲಿ ಎಂದವರಿದ್ದರು. ಹಳೆಯ ಪದ್ಧತಿಯೂ ಆ ಎರಡನೆಯವನನ್ನು ಉಳಿಸುತ್ತಿರಲಿಲ್ಲ ಎಂಬುದನ್ನು ನಾನು ತೋಟದಲ್ಲಿ ನೋಡಿ ಬಂದಿದ್ದೆ. ಬಣ್ಣದ ಚೀಟಿಗಳ ಸಭೆ ಮತ್ತೆ ಸೇರಿತು. ಈ ಸಲ ಮೊದಲೇ ಸಾಹೇಬರು ಎದ್ದು ನಿಂತು, ಇಲ್ಲಿ ಏನು ಹೇಳಿದರೂ ಯಾರ ಕೆಲಸಕ್ಕೂ ಕುತ್ತಿಲ್ಲ ಎಂದು ಮಾತು ಕೊಟ್ಟರು. ಸೇರಿಕೊಳ್ಳುವವರು ಹೇಗೂ ಸೇರಿಕೊಳ್ಳುತ್ತಾರೆ, ಕದ್ದು ಸೇರಿಕೊಳ್ಳುವ ಬದಲು ಹೇಳಿ ಸೇರಿಕೊಳ್ಳಲಿ ಎಂದು ನಾನು ವಾದಿಸಿದೆ. ನಿಯಮದಲ್ಲಿ ಅದಕ್ಕೆ ಎಡೆಯಿಲ್ಲ ಎಂದು ಮೇಲಿನವರು ತಿಂಗಳುಗಟ್ಟಲೆ ಎಳೆದಾಡಿದರು. ಕೊನೆಗೆ ಒಪ್ಪಿದರು. ಆ್ಯಪ್‌ನಲ್ಲಿ ಒಂದು ಹೊಸ ಗುಂಡಿ ಬಂತು: 'ನಾನೂ ಇದೇ ಲೈನ್ ಮೇಲಿದ್ದೇನೆ.' ಒತ್ತಿದವನು ರಾಡಿನ ಫೋಟೋ ಹಾಕಬೇಕು, ಜೊತೆಗಾರರ ಹೆಸರನ್ನೂ ಸೇರಿಸಬೇಕು, ಇಳಿದ ಮೇಲೆ ತನ್ನ ಅಂಕಿಯನ್ನು ತಾನೇ ಒತ್ತಬೇಕು. ಒಬ್ಬನ ಹೆಸರು ಉಳಿದರೂ ಪರದೆ ಹಸಿರಾಗುವುದಿಲ್ಲ.

ಗುಂಡಿ ಚಾಲೂ ಆದ ದಿನ ನಾನು, ಸಾಹೇಬರು, ಆಪರೇಟರ್ ಮೂವರೂ ಪರದೆಯ ಎದುರು ಕುಳಿತಿದ್ದೆವು. ಹೇಮಗಿರಿ ಫೀಡರಿಗೇ ಒಂದು ಎಲ್‌ಸಿ ಹೋಯಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಯಾರೂ ಒತ್ತುವುದಿಲ್ಲ, ಇನ್ನೂ ಹೆದರುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಒಂದು ಹೆಸರು ಬಂತು. ಅದರ ಕೆಳಗೆ ಇನ್ನೊಂದು. ಜೊತೆಗಾರರ ಹೆಸರುಗಳು. ಬೇರೆ ಊರಿನವರು, ನಾವು ಕೇಳಿಯೇ ಇರದವರು. ಪರದೆ ತುಂಬಿತು, ಉಳಿದವರನ್ನು ನೋಡಲು ಕೆಳಕ್ಕೆ ಎಳೆಯಬೇಕಾಯಿತು.

ಆಪರೇಟರ್ ಕುರ್ಚಿಯಿಂದ ಎದ್ದು ನಿಂತರು. ಇಷ್ಟು ವರ್ಷ ಆ ಲೈನನ್ನು ಚಾರ್ಜ್ ಮಾಡಿದ ತಮ್ಮ ಬಲಗೈಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಇವ್ರೆಲ್ಲಾ ಆಗ್ಲೂ ಮ್ಯಾಲೇ ಇದ್ರಾ ಮೇಡಂ?"